ಮಳೆ ಬಂತು ಅಂತ ಹೇಳೋಕೆ ನೀವ್ಯಾರು?

ಕಾದಂಬರಿ ಹಿಡಿದು ಸಿನಿಮಾ ಮಾಡುವವರು ಕೊನೆ ಬದಲಿಸಿದಾಗ ಕೊಡುವ ಕಾರಣ ಒಂದೇ: ‘ಜನಕ್ಕೆ ಹಿಡಿಸಲ್ಲ.’ ಯಾವ ಜನ ಅಂತ ಕೇಳಿ ನೋಡಿ. ಬೆರಳು ತಿರುಗುವುದು ನಮ್ಮ ಕಡೆಗೇ. ಬಿ ಸೆಂಟರ್, ಸಿ ಸೆಂಟರ್ ಜನ. ಅಂದರೆ ಆಲೂರು, ಸಕಲೇಶಪುರದಂಥ ಊರಿನವರು. ನಮಗೆ ಕೊನೆಯಲ್ಲಿ ಎಲ್ಲ ಸರಿಹೋಗಬೇಕಂತೆ, ಇಲ್ಲದಿದ್ದರೆ ಅರ್ಥವಾಗುವುದಿಲ್ಲವಂತೆ.

ಇದು ಹಸಿ ಸುಳ್ಳು. ನಮ್ಮ ಜಿಲ್ಲೆಯ ಊರೂರಲ್ಲಿ ರೈತರೇ ಬಣ್ಣ ಹಚ್ಚಿಕೊಂಡು ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಕರ್ಣ ಸಾಯುತ್ತಾನೆಂದು ಮುಂದೆ ಕೂತ ಮಗುವಿಗೂ ಗೊತ್ತು. ಅವನನ್ನು ಬದುಕಿಸಿ ಎಂದು ಯಾರೂ ಚೀಟಿ ಕಳಿಸಿಲ್ಲ. ಪುಣ್ಯಕೋಟಿಯ ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಅದನ್ನು ನಾವು ಮಕ್ಕಳಿಗೇ ಹಾಡಿ ಹೇಳುತ್ತೇವೆ. ಇಂಥ ಜನಕ್ಕೆ ಕಹಿ ಕೊನೆ ತಡೆಯುವ ಶಕ್ತಿ ಇಲ್ಲವೆ?

ಒಂದು ಉದಾಹರಣೆ ತೆಗೆದುಕೊಳ್ಳಿ. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ 1958ರಲ್ಲಿ ‘ದಿ ಗೈಡ್’ ಕಾದಂಬರಿ ಬರೆದರು. 1960ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ಇಷ್ಟು: ಜೈಲಿಂದ ಹೊರಬಂದ ರಾಜು ಹಳೆಯ ಗುಡಿಯೊಂದರಲ್ಲಿ ಉಳಿಯುತ್ತಾನೆ. ಹಳ್ಳಿಯವರು ಅವನನ್ನು ಸ್ವಾಮಿ ಎಂದುಕೊಳ್ಳುತ್ತಾರೆ. ಬರ ಬರುತ್ತದೆ. ಸ್ವಾಮಿ ಉಪವಾಸ ಮಾಡಿದರೆ ಮಳೆ ಬರುತ್ತದೆಂದು ಜನ ನಂಬುತ್ತಾರೆ. ರಾಜುವಿಗೆ ಬಿಡಿಸಿಕೊಳ್ಳುವ ದಾರಿಯೇ ಉಳಿಯುವುದಿಲ್ಲ. ಕೊನೆಗೆ ನಿತ್ರಾಣನಾಗಿ ನದಿಯಲ್ಲಿ ನಿಂತು, ದೂರದ ಬೆಟ್ಟದಲ್ಲಿ ಮಳೆಯಾಗುತ್ತಿದೆ ಎನ್ನುತ್ತಾ ಕುಸಿಯುತ್ತಾನೆ. ಅಲ್ಲಿಗೆ ಮುಗಿಯಿತು. ಮಳೆ ಬಂತೇ, ರಾಜು ಸತ್ತನೇ, ನಾರಾಯಣ್ ಹೇಳುವುದಿಲ್ಲ.

1965ರ ಹಿಂದಿ ‘ಗೈಡ್’ ಮಾತ್ರ ಎಲ್ಲ ಹೇಳಿಬಿಡುತ್ತದೆ. ದೇವ್ ಆನಂದ್ ರಾಜು, ವಿಜಯ್ ಆನಂದ್ ನಿರ್ದೇಶಕ. ಕಾದಂಬರಿಯ ಕೊನೆಯಲ್ಲಿ ಇಲ್ಲದ ರೋಸಿ ಇಲ್ಲಿ ಹುಡುಕಿಕೊಂಡು ಬರುತ್ತಾಳೆ. ಅಮ್ಮನೂ ಬರುತ್ತಾಳೆ. ಮಳೆ ಧೋ ಎಂದು ಸುರಿಯುತ್ತದೆ. ರಾಜು ಮಹಾತ್ಮನಾಗಿ ಸಾಯುತ್ತಾನೆ. ನಮ್ಮ ಕಡೆಯ ಕಥೆಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋಗಿದ್ದರ ಬಗ್ಗೆ ನಾರಾಯಣ್ ಅಸಮಾಧಾನಪಟ್ಟು ಪ್ರಬಂಧವನ್ನೇ ಬರೆದರು.

ಚಿತ್ರ ಚೆನ್ನಾಗಿದೆ, ಹಾಡು ಇನ್ನೂ ಚೆನ್ನ. ನನ್ನ ತಕರಾರು ಅದಲ್ಲ. ಕಾದಂಬರಿ ಕೇಳಿದ್ದು ಒಂದು ಪ್ರಶ್ನೆ: ಜನರ ನಂಬಿಕೆ ಒಬ್ಬ ಮೋಸಗಾರನನ್ನು ಎಲ್ಲಿಗೆ ತಂದು ನಿಲ್ಲಿಸಬಲ್ಲದು? ಸಿನಿಮಾ ಕೊಟ್ಟಿದ್ದು ಪವಾಡ: ಉಪವಾಸ ಕೂತರೆ ಮಳೆ ಬರುತ್ತದೆ. ಇದು ಎರಡನೆಯ ಕೊನೆಯಲ್ಲ, ಬೇರೆಯದೇ ಕಥೆ.

ಈ ವ್ಯತ್ಯಾಸ ನಮಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು? ಆ ‘ದೂರದ ಬೆಟ್ಟ’ ನಾವೇ. ಇಲ್ಲಿ ಸುರಿದರೆ ಹೇಮಾವತಿಗೆ ನೀರು, ಗೊರೂರಿನ ಅಣೆಕಟ್ಟೆಗೆ ನೀರು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಕೈಕೊಟ್ಟರೆ ಕಾಫಿ ಗಿಡದ ಮುಂದೆ ನಿಂತು ಆಕಾಶ ನೋಡುವುದು ಏನೆಂದು ನಮಗೆ ಗೊತ್ತು. ಬರ ಬಂದಾಗ ಕಪ್ಪೆಗೆ ಮದುವೆ ಮಾಡುತ್ತಾರೆ, ದೇವರಿಗೆ ಅಭಿಷೇಕ ಮಾಡುತ್ತಾರೆ. ಆಮೇಲೆ ಕಾಯುತ್ತಾರೆ. ಆ ಕಾಯುವಿಕೆಯೇ ನಾರಾಯಣ್ ಬರೆದ ಕೊನೆ. ನಮ್ಮ ಬದುಕಿಗೆ ಹತ್ತಿರವಿದ್ದ ಅದನ್ನೇ ನಮ್ಮ ಹೆಸರು ಹೇಳಿ ಕಿತ್ತುಹಾಕಿದರೆ ಹೇಗೆ?

‘ಸಿನಿಮಾ ಬೇರೆ ಮಾಧ್ಯಮ, ಬದಲಿಸಲೇಬೇಕು’ ಎನ್ನುವವರಿದ್ದಾರೆ. ಒಪ್ಪಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ‘ನಾಗರಹಾವು’ ಮಾಡಿದರು. ಕತ್ತರಿ ಹಾಕದೆ ಅದು ಆಗುತ್ತಿರಲಿಲ್ಲ. ಆದರೂ, ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ನೊಂದುಕೊಂಡ ಮಾತು ಇವತ್ತಿಗೂ ಓಡಾಡುತ್ತದೆ. ನಮ್ಮ ಜಿಲ್ಲೆಯವರೇ ಆದ ಭೈರಪ್ಪನವರ ‘ನಾಯಿ ನೆರಳು’ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ 2006ರಲ್ಲಿ ತೆರೆಗೆ ತಂದಾಗ, ಪುನರ್ಜನ್ಮದ ಮೇಲಿದ್ದ ಒತ್ತನ್ನು ವಿಧವೆ ವೆಂಕಟಲಕ್ಷ್ಮಿಯ ಬದುಕಿನ ಕಡೆಗೆ ತಿರುಗಿಸಿದರು. ಅದೂ ದೊಡ್ಡ ಬದಲಾವಣೆಯೇ. ಆದರೆ ಅದು ನೋಡುವವರಿಗೆ ಹೊಸ ಪ್ರಶ್ನೆ ಕೊಟ್ಟಿತು. ಪ್ರಶ್ನೆ ಕೊಡುವ ಬದಲಾವಣೆಗೆ ನನ್ನ ವಿರೋಧವಿಲ್ಲ. ಇರುವ ಪ್ರಶ್ನೆಯನ್ನು ಕಸಿದು ಬಾಯಿಗೆ ಬೆಲ್ಲ ಇಡುವುದಕ್ಕೆ ವಿರೋಧ.

ಬೆಲ್ಲ ಇಡದವರೂ ಇದ್ದಾರೆ. ಬಿ.ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ ಮಾಡಿದಾಗ ಚೋಮನಿಗೆ ಉಳಲು ಭೂಮಿ ಕೊಡಿಸಲಿಲ್ಲ. ಅವನು ದುಡಿ ಬಾರಿಸುತ್ತಲೇ ಸತ್ತ. ಚಿತ್ರಕ್ಕೆ ಸ್ವರ್ಣಕಮಲ ಬಂತು. ಪಕ್ಕದ ಮೂಡಿಗೆರೆಯ ತೇಜಸ್ವಿಯವರ ಕಥೆಯಿಂದ ಬಂದ ‘ತಬರನ ಕಥೆ’ಯಲ್ಲಿ ಪಿಂಚಣಿ ಬರುವ ಹೊತ್ತಿಗೆ ಹೆಂಡತಿ ಇಲ್ಲ. ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು ಅದನ್ನು ನೋಡಿ ‘ಹಿಡಿಸಲಿಲ್ಲ’ ಅನ್ನುತ್ತಾರೆಯೇ? ಇದು ನಮ್ಮದೇ ಕಥೆ ಅನ್ನುತ್ತಾರೆ.

ಪುಸ್ತಕ ನಮ್ಮೂರಿಗೆ ತಲುಪುವುದು ಅಪರೂಪ, ಸಿನಿಮಾ ಫೋನಿಗೇ ಬರುತ್ತದೆ. ಹಾಗಾಗಿ ಹೆಚ್ಚಿನವರಿಗೆ ಸಿನಿಮಾದ ಕೊನೆಯೇ ಕಾದಂಬರಿಯ ಕೊನೆಯಾಗಿ ಉಳಿಯುತ್ತದೆ. ಬದಲಿಸುವವರ ಮೇಲೆ ಹೊಣೆ ಹೆಚ್ಚುವುದು ಇದಕ್ಕೇ. ‘ಕಾದಂಬರಿ ಆಧಾರಿತ’ ಎಂದು ಲೇಖಕರ ಹೆಸರು ಹಾಕುವ ಕಡೆಯಲ್ಲೇ ‘ಅಂತ್ಯ ನಮ್ಮದು’ ಎಂದು ಒಂದು ಸಾಲು ಹಾಕಲಿ. ಅದಕ್ಕೇನೂ ಖರ್ಚಿಲ್ಲ.

ನಾವೂ ಒಂದು ಕೆಲಸ ಮಾಡಬಹುದು. ಸಿನಿಮಾ ಇಷ್ಟವಾದರೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಆ ಪುಸ್ತಕ ಕೇಳಿ. ಇಲ್ಲದಿದ್ದರೆ ತರಿಸಿ ಎಂದು ಬರೆದುಕೊಡಿ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಕೊನೆಯ ಹತ್ತು ಪುಟವನ್ನಾದರೂ ಓದಿ. ‘ಜನಕ್ಕೆ ಹಿಡಿಸಲ್ಲ’ ಎನ್ನುವವರಿಗೆ ಆಮೇಲೆ ಉತ್ತರ ಕೊಡಲು ಬೇರೆ ಯಾರೂ ಬೇಕಾಗುವುದಿಲ್ಲ.