ಒಂದೇ ಲಿಫ್ಟು, ನಾನೂರು ರೂಪ

ಮಕ್ಕಳೇ, ಮುಂದಿನ ಸಲ ಲಿಫ್ಟ್ ಹತ್ತಿದಾಗ ಒಳಗಿನ ಫಲಕ ಓದಿ. ‘6 ಜನ, 408 ಕೆ.ಜಿ.’ ಎಂದೋ ‘8 ಜನ, 544 ಕೆ.ಜಿ.’ ಎಂದೋ ಇರುತ್ತದೆ. ಭಾಗಿಸಿ ನೋಡಿ, ಎರಡರಲ್ಲೂ ಒಬ್ಬರಿಗೆ 68 ಕೆ.ಜಿ. ನಮ್ಮಲ್ಲಿ ಲಿಫ್ಟ್ ಮಾಡುವವರ ಲೆಕ್ಕ ಅದು. (ಅಜ್ಜಿಯ ತೂಕ ಎಷ್ಟೆಂದು ಕೇಳಲು ಹೋಗಬೇಡಿ, ಬೈಸಿಕೊಂಡೀರಿ!)

ಈಗ ಇನ್ನೊಂದು ಲೆಕ್ಕ. ಲಿಫ್ಟ್ ಮಾಡುವವರಿಗೆ 3ರಿಂದ 12 ಮಹಡಿಯವರೆಗಿನ ಕಟ್ಟಡಗಳಿಂದ ಆರ್ಡರ್ ಬರುತ್ತದೆ ಎನ್ನಿ. ಅದು 10 ಬಗೆ. ಹಿಡಿಸುವ ಜನ 4, 6, 8, 10, 13 ಎಂದು 5 ಬಗೆ. ಬಾಗಿಲು ತಾನೇ ಸರಿಯಬೇಕೋ, ಕೈಯಿಂದ ಎಳೆಯಬೇಕೋ? ಕನ್ನಡಿ ಬೇಕೋ ಬೇಡವೋ? ಹಿಡಿದುಕೊಳ್ಳಲು ಕಂಬಿ ಬೇಕೋ ಬೇಡವೋ? ಎಲ್ಲ ಗುಣಿಸಿದರೆ 400! ಒಂದೊಂದಕ್ಕೂ ಬೇರೆ ನಕ್ಷೆ ಬರೆಯುತ್ತ ಕೂತರೆ ಲಿಫ್ಟ್ ಕಟ್ಟುವುದು ಯಾವಾಗ?

ನನ್ನ ತಂಗಿಯ ಮಗಳಿಗೆ ಇಂಥ ಕಡೆಯೇ ಕೆಲಸ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾಳೆ. ಅದಕ್ಕೆ ಕ್ಯಾಡ್ ಎನ್ನುತ್ತಾರೆ. ಅವಳು ಬರೆದಿಟ್ಟಿರುವುದು ಒಂದೇ ಲಿಫ್ಟು, ಜೊತೆಗೆ ‘ಹೀಗಿದ್ದರೆ ಹಾಗೆ’ ಎಂಬ ನಿಯಮಗಳು.

“8 ಜನ ಅಂತ ಒತ್ತಿದರೆ ಸಾಕು, ಮಾವ” ಎಂದು ತೋರಿಸಿದಳು. ಪೆಟ್ಟಿಗೆ ತಾನೇ ಅಗಲವಾಯಿತು. ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಎದುರುತೂಕವೂ ಹೆಚ್ಚಿತು. ಪೆಟ್ಟಿಗೆಯ ತೂಕದ ಜೊತೆಗೆ ಹೊರುವ ಭಾರದ ಸುಮಾರು ಅರ್ಧ ಅದರಲ್ಲಿರಬೇಕಂತೆ. ಮಹಡಿ ಹೆಚ್ಚಿಸಿದರೆ ಲಿಫ್ಟ್ ಜಾರುವ ಹಳಿ ಉದ್ದವಾಗುತ್ತದೆ. ಕನ್ನಡಿ ಬೇಡವೆಂದರೆ ಅದರ ಸ್ಕ್ರೂಗಳೂ ಸಾಮಾನಿನ ಪಟ್ಟಿಯಿಂದ ಮಾಯ! ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ ಎಂಬ ಲೆಕ್ಕದಲ್ಲೇ ನಾಲ್ಕು ಜನಕ್ಕೂ ನಲವತ್ತು ಜನಕ್ಕೂ ಇಡ್ಲಿ ಮಾಡುವ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣದು.

ಆದರೆ ಒಮ್ಮೆ ಎಡವಟ್ಟಾಯಿತು. 4 ಜನರ ಪುಟ್ಟ ಲಿಫ್ಟು ಮೂರು ಬೇಕು, ಕಂಬಿಯೂ ಇರಲಿ ಎಂದು ಆರ್ಡರ್ ಬಂತು. ಕಂಪ್ಯೂಟರ್ ಚಿಟಿಕೆ ಹೊಡೆಯುವುದರಲ್ಲಿ ನಕ್ಷೆ ಕೊಟ್ಟಿತು. ಜೋಡಿಸಿ ನೋಡಿದರೆ ಕಂಬಿ ಬಟನ್‌ಗಳಿಗೇ ಅಡ್ಡ! ಒಂದರಲ್ಲಲ್ಲ, ಮೂರರಲ್ಲೂ. ಕೈಯಿಂದ ಬರೆದಿದ್ದರೆ ಒಂದರಲ್ಲಾದರೂ ತಪ್ಪು ಕಣ್ಣಿಗೆ ಬೀಳುತ್ತಿತ್ತೇನೋ. ನಿಯಮ ತಪ್ಪಿದರೆ ಎಲ್ಲವೂ ಒಂದೇ ರೀತಿ ತಪ್ಪುತ್ತವೆ.

ಚಿಕ್ಕ ಲಿಫ್ಟಿಗೆ ಕಂಬಿ ಹಿಂಬದಿಯ ಗೋಡೆಗೆ ಮಾತ್ರ ಎಂಬುದು ಅಲ್ಲಿನ ಹಳೇ ಮೇಸ್ತ್ರಿಗೆ ಗೊತ್ತಿತ್ತು. ಅವರು ಅದಾಗಲೇ ನಿವೃತ್ತರಾಗಿದ್ದರು. ಹುಡುಗಿ ನೋಟ್‌ಬುಕ್ ಹಿಡಿದು ಅವರ ಮನೆಗೇ ಹೋದಳು.

“ಇದೂ ಬರೆಯೋ ವಿಷಯವೇನಮ್ಮಾ? ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದರಂತೆ ಮೇಸ್ತ್ರಿ. ಎರಡು ಭಾನುವಾರ ಕೂತರು. ಒಂದಾದ ಮೇಲೊಂದು ನೆನಪಾಗಿ, ಕಾಫಿ ಆರಿಹೋಗಿ, 31 ಹೊಸ ನಿಯಮ ಸಿಕ್ಕವು. ಮೂರನೇ ಭಾನುವಾರ ಮೇಸ್ತ್ರಿಯೇ ಫೋನ್ ಮಾಡಿದರು: “ಇನ್ನೊಂದು ಮರೆತಿದ್ದೆ, ಬರೆದುಕೋ!”

ಈ ವಾರದ ಪ್ರಶ್ನೆ: 13 ಜನರ ಲಿಫ್ಟಿನ ಫಲಕದಲ್ಲಿ ಎಷ್ಟು ಕೆ.ಜಿ. ಎಂದಿರಬೇಕು?