ಲೋಗೋ ನಮ್ಮ ಎದೆ ಮೇಲೆ, ಕೇಸು ಅಂಗಡಿಯವರ ತಲೆ ಮೇಲೆ

ರಾಜ್ಯೋತ್ಸವಕ್ಕೆ ಟೀ ಶರ್ಟ್ ಮಾಡಿಸೋಣ ಅಂತ ಕ್ಲಬ್ಬಿನಿಂದ ನಾವು ನಾಲ್ಕು ಜನ ಪ್ರಿಂಟಿಂಗ್ ಅಂಗಡಿಗೆ ಹೋಗಿದ್ದೆವು. ಡಿಸೈನ್ ಭರ್ಜರಿಯಾಗಿತ್ತು. ಮುಂದೆ ಆರ್‌ಸಿಬಿ ಸಿಂಹ, ಹಿಂದೆ ಅಣ್ಣಾವ್ರ ರೇಖಾಚಿತ್ರ, ತೋಳಿನ ಮೇಲೆ ಒಂದು ದೊಡ್ಡ ಶೂ ಕಂಪನಿಯ ಗುರುತು (ಯಾಕೆ ಅಂತ ಕೇಳಬೇಡಿ, ಚೆನ್ನಾಗಿ ಕಾಣುತ್ತೆ ಅಷ್ಟೆ). ಅಂಗಡಿಯವರು ಪೆನ್‌ಡ್ರೈವ್ ಹಾಕಿ ನೋಡಿ, “ಲೆಟರ್ ತಂದಿದೀರೇನ್ರಪ್ಪಾ?” ಅಂದ್ರು.

“ಯಾವ ಲೆಟರ್ ಅಣ್ಣ?”

“ಈ ಲೋಗೋ ಹಾಕ್ಕೊಳ್ಳಿ ಅಂತ ಅವರು ಕೊಟ್ಟಿರೋದು.”

ಎಂಬತ್ತು ಟೀ ಶರ್ಟಿಗೆ ಕಂಪನಿಯ ಪತ್ರವಂತೆ! ಬೇರೆ ಅಂಗಡಿ ನೋಡ್ಕೋತೀವಿ ಅಂತ ಎದ್ದು ಬಂದೆವು.

ಹಾಸ್ಟೆಲಿಗೆ ಬಂದು ಕಾಯ್ದೆ ತೆಗೆದು ಓದಿದ ಮೇಲೆ ನಮ್ಮ ಜೋರು ಇಳಿಯಿತು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಸರಕಿನ ಮೇಲೆ ಹಾಕುವುದು ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಮೋಸದ ಉದ್ದೇಶ ಇರಲಿಲ್ಲ ಅಂತ ಸಾಬೀತು ಮಾಡಬೇಕಾದ ಹೊರೆಯೂ ಆರೋಪಿಯದೇ. ಗುರುತು ಹಾಕುವವರು ಯಾರು? ಪೆನ್‌ಡ್ರೈವ್ ಕೊಟ್ಟ ನಾವಲ್ಲ, ಪ್ರಿಂಟ್ ಹೊಡೆಯೋ ಅವರು.

“ನಾವೇನು ಮಾರ್ತೀವಾ?” ಅನ್ನೋದು ಕ್ಯಾಂಪಸ್ಸಿನ ಹಳೇ ವಾದ. ನಾವು ಮಾರದೇ ಇರಬಹುದು, ಅಂಗಡಿಯವರು ನಮಗೆ ಮಾರ್ತಿದಾರಲ್ಲ! “ಸ್ವಲ್ಪ ಬದಲಾಯಿಸಿದ್ರೆ ಏನೂ ಆಗಲ್ಲ” ಅನ್ನೋದು ಇನ್ನೊಂದು. ಜನ ಗೊಂದಲಪಡುವಷ್ಟು ಹೋಲಿಕೆ ಇದ್ದರೆ ಕಾಯ್ದೆಗೆ ಅದೇ ಸಾಕು.

ಆದರೆ ನಿಜವಾಗಿ ನಾಚಿಕೆಯಾಗಿದ್ದು ಲೋಗೋ ವಿಷಯಕ್ಕಲ್ಲ. ಆ ರೇಖಾಚಿತ್ರ ಇತ್ತಲ್ಲ, ಅದನ್ನ ಇನ್‌ಸ್ಟಾಗ್ರಾಮಿನಿಂದ ಇಳಿಸಿಕೊಂಡಿದ್ದೆವು. ಮೂಲೆಯಲ್ಲಿ ಚಿತ್ರ ಬರೆದವರ ಸಹಿ ಇತ್ತು. ಡಿಸೈನ್‌ಗೆ ಅಡ್ಡ ಬರುತ್ತೆ ಅಂತ ನಮ್ಮಲ್ಲೇ ಒಬ್ಬರು ಅಳಿಸಿದ್ದರು, ಉಳಿದವರು “ಸೂಪರ್” ಅಂದಿದ್ದೆವು. 1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಸ್ವಂತವಾಗಿ ಬರೆದ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ಹುಟ್ಟುತ್ತದೆ, ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಕಂಪನಿಗಳಿಗೆ ವಕೀಲರಿರ್ತಾರೆ. ಮನೇಲಿ ಕೂತು ಚಿತ್ರ ಬರೆಯೋರಿಗೆ ಆ ಸಹಿ ಬಿಟ್ಟು ಇನ್ನೇನಿದೆ? ನಮ್ಮ ಪ್ರಾಜೆಕ್ಟ್ ರಿಪೋರ್ಟನ್ನ ಯಾರಾದರೂ ಹೆಸರು ಬದಲಾಯಿಸಿ ಸಬ್ಮಿಟ್ ಮಾಡಿದ್ರೆ ನಮಗೆ ಹೇಗೆ ಉರಿಯುತ್ತೆ! ಕನ್ನಡದ ಹಬ್ಬಕ್ಕೆ ಕನ್ನಡದ ಕಲಾವಿದರ ಸಹಿ ಅಳಿಸಿದವರು ನಾವು.

ಅವತ್ತೇ ಆ ಕಲಾವಿದರಿಗೆ ಮೆಸೇಜ್ ಕಳಿಸಿ, ಸಹಿ ಅಳಿಸಿದ್ದನ್ನೂ ಹೇಳಿದೆವು. ದುಡ್ಡು ಬೇಡ, ಸಹಿ ವಾಪಸ್ ಹಾಕಿ, ಎರಡು ಟೀ ಶರ್ಟ್ ಕಳಿಸಿ ಅಂದರು. ಒಂದು ದೊಡ್ಡ ಸೈಜ್, ಅವರಪ್ಪನಿಗಂತೆ. ಶೂ ಕಂಪನಿ ಹೋಯ್ತು. ಸ್ಪಾನ್ಸರ್ ಒಬ್ಬರ ಲೋಗೋ ಹಾಕಬೇಕಿತ್ತು, ಕೇಳಿದರೆ ಹತ್ತೇ ನಿಮಿಷದಲ್ಲಿ ಒಪ್ಪಿಗೆಯ ಮೇಲ್ ಬಂತು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಅಂಗಡಿಯಲ್ಲಿ ಅಷ್ಟು ಕೂಗಾಡ್ತಿರಲಿಲ್ಲ.

ಸಿಂಹದ ಜಾಗಕ್ಕೆ ಮೆಕ್ಯಾನಿಕಲ್‌ನ ಗೆಳೆಯನೊಬ್ಬ ಗಂಡಭೇರುಂಡ ಬರೆದುಕೊಟ್ಟ. ಸರ್ಕಾರದ ಲಾಂಛನದ ನಕಲು ಬೇಡ, ನಿನ್ನದೇ ಕೈಯಲ್ಲಿ ಬರಲಿ ಅಂತ ಹೇಳಿದ್ದೆವು. ಬಂತು. ಎಡಗಡೆ ತಲೆ ಸ್ವಲ್ಪ ಕೋಳಿ ಥರ ಇದೆ. ಅದೇ ಹಳೇ ಅಂಗಡಿಗೆ ಒಯ್ದೆವು. ಅಣ್ಣ ಈ ಸಲ ಲೆಟರ್ ಕೇಳಲಿಲ್ಲ, “ಇದು ಯಾವ ಪಕ್ಷಿ?” ಅಂತ ಮಾತ್ರ ಕೇಳಿದರು.