ಭೂಬಳಕೆ: ನಕ್ಷೆ ಸಿದ್ಧ, ನೀತಿ ಎಲ್ಲಿ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾಂತರಿಕ್ಷ ಉದ್ಯಮಕ್ಕಾಗಿ 1,777 ಎಕರೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ಮೂರು ವರ್ಷಗಳಿಗೂ ಮಿಕ್ಕಿ ಧರಣಿ ನಡೆಸಿದ್ದ 13 ಹಳ್ಳಿಗಳ ರೈತರಿಗೆ ಅದು ಗೆಲುವೇ ಸರಿ. ಆದರೆ ಬೆಳೆಯುವ ನೆಲವನ್ನು ಉಳಿಸಿಕೊಳ್ಳಲು ರೈತ ಇಷ್ಟು ದೀರ್ಘಕಾಲ ಬೀದಿಯಲ್ಲಿ ಕೂರಬೇಕಾಗಿ ಬಂದದ್ದೇಕೆ? ಯಾವ ಭೂಮಿ ಯಾವ ಉದ್ದೇಶಕ್ಕೆ ಮೀಸಲು ಎಂಬುದನ್ನು ಮೊದಲೇ ತೀರ್ಮಾನಿಸುವ ಬಲವುಳ್ಳ ವ್ಯವಸ್ಥೆ ದೇಶದಲ್ಲಿ ಇಲ್ಲದಿರುವುದೇ ಇದರ ಮೂಲ.

ಜಗತ್ತಿನ ಭೂಪ್ರದೇಶದಲ್ಲಿ ಭಾರತದ ಪಾಲು ಶೇ. 2.4ರಷ್ಟು, ಜನಸಂಖ್ಯೆಯಲ್ಲಿ ಸುಮಾರು ಶೇ. 18. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ 2021ರಲ್ಲಿ ಪ್ರಕಟಿಸಿದ ಭೂಪಟದ ಪ್ರಕಾರ, 2018-19ರ ವೇಳೆಗೆ ದೇಶದ 9.78 ಕೋಟಿ ಹೆಕ್ಟೇರ್, ಅಂದರೆ ಶೇ. 29.77ರಷ್ಟು ನೆಲ ಸತ್ವಗುಂದಿದೆ. 2003-05ರಲ್ಲಿ ಇದು 9.45 ಕೋಟಿ ಹೆಕ್ಟೇರ್ ಇತ್ತು. ನೀರಿನ ಕೊಚ್ಚಣೆ ಮೊದಲ ಕಾರಣ, ಸಸ್ಯಸಂಪತ್ತಿನ ನಾಶ ಎರಡನೆಯದು. ಕರ್ನಾಟಕದಲ್ಲಂತೂ ಮೂರನೇ ಒಂದು ಭಾಗಕ್ಕೂ ಹೆಚ್ಚು ಭೂಮಿ ಈ ಪಟ್ಟಿಗೆ ಸೇರಿದೆ.

ದೆಹಲಿಯ ಗಮನಕ್ಕೆ ಇದು ಬಂದಿಲ್ಲವೆಂದಲ್ಲ. 1988ರಲ್ಲೇ ರಾಷ್ಟ್ರೀಯ ಭೂಬಳಕೆ ನೀತಿಯ ರೂಪುರೇಷೆ ಸಿದ್ಧವಾಗಿತ್ತು. 2013ರಲ್ಲಿ ಕೇಂದ್ರದ ಭೂಸಂಪನ್ಮೂಲ ಇಲಾಖೆ ಹೊಸ ಕರಡು ರಚಿಸಿತು. ಅದು ಕರಡಾಗಿಯೇ ಉಳಿಯಿತು. 2019ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೊಯಿಡಾದಲ್ಲಿ ನಡೆದ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಸಮಾವೇಶದಲ್ಲಿ, 2030ರೊಳಗೆ 2.6 ಕೋಟಿ ಹೆಕ್ಟೇರ್ ಭೂಮಿಗೆ ಮರುಜೀವ ನೀಡುವ ವಾಗ್ದಾನವನ್ನು ಪ್ರಧಾನಿ ನರೇಂದ್ರ ಮೋದಿ ಮಾಡಿದರು. ಕೆಟ್ಟ ನೆಲವನ್ನು ಸರಿಪಡಿಸುವ ಗುರಿಯೇನೋ ಇದೆ. ಒಳ್ಳೆಯ ನೆಲ ಕೈಬಿಡದಂತೆ ತಡೆಯುವ ಕಟ್ಟು ಮಾತ್ರ ಸಡಿಲ.

2013ರ ಭೂಸ್ವಾಧೀನ ಕಾಯ್ದೆಯ 10ನೇ ಕಲಮು ನೀರಾವರಿಯ ಬಹುಬೆಳೆ ಭೂಮಿಯನ್ನು ಕೊನೆಯ ಉಪಾಯವಾಗಿ ಮಾತ್ರ ಮುಟ್ಟಬೇಕೆನ್ನುತ್ತದೆ. ಆದರೆ ಮಿತಿ ಗೊತ್ತುಪಡಿಸುವ ಅಧಿಕಾರ ರಾಜ್ಯಗಳದ್ದು. ಹೆದ್ದಾರಿ, ರೈಲುಮಾರ್ಗಗಳಿಗೆ ವಿನಾಯಿತಿ. ದೇವನಹಳ್ಳಿಯ ಅಧಿಸೂಚನೆ ಹೊರಟದ್ದೂ ಈ ಕಾಯ್ದೆಯಡಿಯಲ್ಲಲ್ಲ, 1966ರ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿಯಲ್ಲಿ. ಸಂವಿಧಾನದಲ್ಲಿ ಭೂಮಿ ರಾಜ್ಯಪಟ್ಟಿಯ ವಿಷಯ. ಕೇಂದ್ರ ಹಾದಿ ತೋರಬಹುದು, ನಡೆಯಬೇಕಾದವು ರಾಜ್ಯಗಳೇ.

ಮಾಹಿತಿಯ ಕೊರತೆಯ ನೆಪ ಇಲ್ಲಿ ನಿಲ್ಲದು. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ 1976ರಿಂದ ಕೆಲಸ ಮಾಡುತ್ತಿದೆ. ಅದರ ನೆರವಿನೊಡನೆ ಕರ್ನಾಟಕದ ಸುಜಲಾ ಯೋಜನೆಯ ಮೂರನೇ ಹಂತದಲ್ಲಿ ಆಯ್ದ ಜಲಾನಯನಗಳಲ್ಲಿ ಸರ್ವೆ ನಂಬರಿನ ಮಟ್ಟಕ್ಕೂ ಮಣ್ಣಿನ ಆಳ, ಇಳಿಜಾರು, ಒಗ್ಗುವ ಬೆಳೆ ದಾಖಲಾಗಿವೆ. ಯಾವ ಹೊಲಕ್ಕೆ ಯಾವ ಬೆಳೆ ಎಂದು ಹೇಳಬಲ್ಲ ಈ ನಕ್ಷೆಗೆ, ಆ ಹೊಲ ಬಡಾವಣೆಯಾಗಬಹುದೇ ಎಂಬ ಪ್ರಶ್ನೆಯಲ್ಲಿ ನಿರ್ಣಾಯಕ ಸ್ಥಾನವಿಲ್ಲ.

ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಸಣ್ಣ ಹಿಡುವಳಿದಾರನಿಗೆ ಭೂಮಿಯೇ ಆಪದ್ಧನ. ಮಗಳ ಮದುವೆಗೋ ಸಾಲದ ತೀರುವಳಿಗೋ ಮಾರಲು ಹೊರಟವನಿಗೆ, ‘ಇದು ಕೃಷಿಗೇ ಮೀಸಲು’ ಎಂಬ ಮುದ್ರೆ ಬೆಲೆ ಕುಸಿತವಾಗಿ ಕಾಣುವುದು ಸಹಜ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರಿಗೂ ಕೃಷಿಭೂಮಿ ಖರೀದಿಗೆ ಅವಕಾಶ ನೀಡಿದಾಗ, ರೈತನಿಗೆ ಉತ್ತಮ ಬೆಲೆ ದೊರೆಯುತ್ತದೆ ಎಂಬ ವಾದವೇ ಮುಂದಿತ್ತು. ದೇವನಹಳ್ಳಿಯಲ್ಲಿಯೂ ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಪಡೆಯುವ ಬಾಗಿಲನ್ನು ಸರ್ಕಾರ ತೆರೆದೇ ಇಟ್ಟಿತು.

ಆದ್ದರಿಂದ ನಿರ್ಬಂಧವೊಂದರಿಂದಲೇ ನೆಲ ಉಳಿಯದು. ಅಂತರ್ಜಲ ಮರುಪೂರಣಕ್ಕೆ, ಮೇಲ್ಮಣ್ಣಿನ ರಕ್ಷಣೆಗೆ ತನ್ನ ಹೊಲವನ್ನು ಉಳಿಸಿಕೊಟ್ಟವನಿಗೆ ಸಮಾಜ ಬೆಲೆ ತೆರಬೇಕು. ಕಾರ್ಖಾನೆಗೆ ಮೊದಲು ಬರಡು ನೆಲವನ್ನು ಹುಡುಕಬೇಕು. ಮಣ್ಣಿನ ನಕ್ಷೆಯ ಮಾತಿಗೆ ಕಾನೂನಿನ ಬಲ ಬರಬೇಕು. ಅಂಗುಲ ಮೇಲ್ಮಣ್ಣು ಕೂಡಲು ಶತಮಾನಗಳೇ ಬೇಕು. ಅದನ್ನು ಕಳೆಯಲು ಒಂದು ಅಧಿಸೂಚನೆ ಸಾಕು.